ಮಗಳ ಜೊತೆ ಸನ್ನೆ ಮಾಡ್ಬೇಡಿ ಅಂತಿದಾರೆ, ನಿಜವಾಗ್ಲೂ ಮಾಡ್ಬಾರ್ದಾ?

ಪುಟ್ಟಿಯಮ್ಮ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ಮಗಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಬೇರಾ ಅಂತ ಕಿವಿ ಟೆಸ್ಟ್ ಮಾಡ್ಸಿದ್ವಿ, ಎರಡೂ ಕಿವಿ ಕೇಳಲ್ಲ ಅಂತ ಬಂತು. ಆ ದಿನದ ಬಗ್ಗೆ ಬರೆಯೋಕೆ ನನ್ನಿಂದ ಆಗಲ್ಲ. ಈಗ ಹಿಯರಿಂಗ್ ಏಡ್ ಹಾಕಿದೀವಿ, ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ.

ವಿಷಯ ಏನಂದ್ರೆ ಅವಳೇ ಒಂದಷ್ಟು ಸನ್ನೆ ಮಾಡ್ಕೊಂಡಿದಾಳೆ, ನಾವ್ಯಾರೂ ಹೇಳ್ಕೊಟ್ಟಿದ್ದಲ್ಲ. ಮುಷ್ಟಿ ಮೇಲಕ್ಕೆತ್ತಿ ಪಟ್ಟಂತ ಬಿಚ್ಚಿದ್ರೆ ಲೈಟ್ ಹಾಕು ಅಂತ, ಬೆರಳೆಲ್ಲ ಮುಚ್ಕೊಂಡ್ರೆ ಆರಿಸು ಅಂತ. ಹೋದ ವಾರ ಕಿಟಕಿಯಲ್ಲಿ ಚಂದ್ರ ಕಂಡಾಗ ಅದೇ ಮುಷ್ಟಿ ಬಿಚ್ಚಿ ನನ್ನ ಮುಖ ನೋಡಿದ್ಲು. ಖುಷಿಯಿಂದ ಥೆರಪಿಸ್ಟ್ ಹತ್ರ ಹೇಳಿದ್ರೆ ಅವರು ಗಾಬರಿಯಾದ್ರು, ಸನ್ನೆಗೆ ಉತ್ತರ ಕೊಡ್ಲೇಬೇಡಿ, ಕೈ ಹಿಡ್ಕೊಂಡು ಬಾಯಿ ತೋರ್ಸಿ, ಕೈ ರೂಢಿಯಾದ್ರೆ ಮಾತು ಬರೋದೇ ಇಲ್ಲ ಅಂದ್ರು. ನಿನ್ನೆ ರಾತ್ರಿ ಹಾಗೇ ಮಾಡ್ದೆ. ಮುಷ್ಟಿ ಎತ್ತಿದ್ಲು, ಹಿಡ್ಕೊಂಡೆ. ಇನ್ನೊಂದು ಕೈಲಿ ಮಾಡಿದ್ಲು, ಅದನ್ನೂ ಹಿಡ್ಕೊಂಡೆ. ಅಳ್ತಾಳೆ ಅಂದ್ಕೊಂಡಿದ್ದೆ, ಅಳ್ಲಿಲ್ಲ, ಗೋಡೆ ಕಡೆ ತಿರುಗಿ ಮಲಗಿಬಿಟ್ಲು. ಆಗಿಂದ ನನಗೆ ನಿದ್ದೆ ಇಲ್ಲ. ಗೊತ್ತಿರೋರು ಹೇಳಿ, ನಾನು ಮಾಡಿದ್ದು ಸರಿನಾ?

ಎರಡ್ಮಾತಿನ ಮನೆ:

ಅಕ್ಕ, ಮೊದಲು ಅವಳ ಕೈ ಬಿಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನಮ್ಮಪ್ಪ ಅಮ್ಮ ಇಬ್ರೂ ಕಿವುಡರು, ತಮ್ಮನೂ ಕಿವುಡ, ಮನೇಲಿ ಕಿವಿ ಕೇಳೋದು ನನಗೊಬ್ಬಳಿಗೇ. ನನ್ನ ಮೊದಲ ಮಾತು ಬಂದಿದ್ದು ಕೈಯಲ್ಲಿ. ಕೈ ರೂಢಿಯಾದ್ರೆ ಬಾಯಿ ಕಟ್ಟಿಹೋಗುತ್ತೆ ಅನ್ನೋದು ನಿಜ ಆಗಿದ್ರೆ ನನಗೆ ಮಾತೇ ಬರಬಾರ್ದಿತ್ತು, ಆದ್ರೆ ನಾನು ದಿನವಿಡೀ ಫೋನಲ್ಲಿ ಮಾತಾಡೋ ಕೆಲಸ ಮಾಡ್ತೀನಿ. ತಮ್ಮ ಏಳೆಂಟು ತಿಂಗಳಿಗೇ ಕೈಯಲ್ಲಿ ತೊದಲ್ತಿದ್ದ, ಅರ್ಥ ಇಲ್ಲದೇ ಒಂದೇ ಬೆರಳಾಟ ಮತ್ತೆ ಮತ್ತೆ, ಬೇರೆ ಮಕ್ಕಳು ಬಬಬ ಅಂತವಲ್ಲ ಹಾಗೆ. ಅಮ್ಮ ಸುಳ್ಳು ಹೇಳ್ತಾಳೆ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು 1991ರಲ್ಲೇ ಕೆನಡಾದ ಇಬ್ಬರು ಸಂಶೋಧಕಿಯರು ಇದನ್ನ ವಿಡಿಯೋ ಮಾಡಿ ಲೆಕ್ಕ ಹಾಕಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದಾರೆ ಅಂತ. ಸನ್ನೆ ಭಾಷೆ ಆಡೋ ಮನೇಲಿ ಹುಟ್ಟಿದ ಕಿವುಡು ಕೂಸುಗಳು, ಬೇರೆ ಕೂಸುಗಳು ಬಾಯಲ್ಲಿ ತೊದಲೋ ವಯಸ್ಸಲ್ಲೇ ಕೈಯಲ್ಲಿ ತೊದಲ್ತವೆ. ಮೆದುಳಿಗೆ ಬೇಕಾಗಿರೋದು ಭಾಷೆ, ಅದು ಕಿವಿಯಿಂದ ಬಂತಾ ಕಣ್ಣಿಂದ ಬಂತಾ ಅಂತ ಅದು ತಲೆ ಕೆಡಿಸ್ಕೊಳ್ಳಲ್ಲ.

ನಿಮ್ಮ ಮಗಳು ಚಂದ್ರನಿಗೆ ಲೈಟಿನ ಸನ್ನೆ ಹಚ್ಚಿದ್ದು ನೋಡಿ, ಅದು ಸಣ್ಣ ವಿಷಯ ಅಲ್ಲ. ಇದೂ ಬೆಳಕು ಅದೂ ಬೆಳಕು ಅಂತ ಯೋಚನೆ ಮಾಡಿ ಇದ್ದ ಪದನ ಹೊಸ ವಸ್ತುವಿಗೆ ಹಾಕಿದಾಳೆ. ಅವಳಿಗೆ ಭಾಷೆ ಬರ್ತಿದೆ ಅಕ್ಕ, ಎದುರುಗಡೆ ಉತ್ತರ ಕೊಡೋರು ಬೇಕು ಅಷ್ಟೇ.

ಹಳೇ ಮೇಷ್ಟ್ರು:

ನೋಡಮ್ಮ, ನಿಮಗೆ ಆ ಸಲಹೆ ಕೊಟ್ಟೋರು ಕೆಟ್ಟೋರಲ್ಲ. ನಾನೂ ಅದೇ ಸಲಹೆ ಕೊಟ್ಟೋನೇ. ಕಿವುಡು ಮಕ್ಕಳ ಶಾಲೇಲಿ ಪಾಠ ಮಾಡಿ ರಿಟೈರ್ ಆದೋನು ನಾನು, ಮೊದಲ ಹತ್ತು ಹನ್ನೆರಡು ವರ್ಷ ಮಕ್ಕಳ ಕೈ ಹಿಂದೆ ಕಟ್ಟಿಸಿ ಕೂರಿಸ್ತಿದ್ದೆ. ಬಾಯಿ ಮುಂದೆ ಮೇಣದಬತ್ತಿ ಹಿಡಿದು 'ಪ' ಅನ್ನಿಸೋದು, ಜ್ವಾಲೆ ಅಲ್ಲಾಡಿದ್ರೆ ಸರಿ, ಇಲ್ಲಾಂದ್ರೆ ಮತ್ತೆ. ನೀವೇ ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಪಾಪ, ಬಾಬಾ, ಮಾಮ ಅಂತ ಅಂದು ನೋಡಿ. ಮೂರಕ್ಕೂ ತುಟಿ ಒಂದೇ ಥರ. ಕ, ಗ ಅಂತೂ ಗಂಟಲ ಹತ್ರ ಆಗೋದು, ತುಟಿಯಲ್ಲಿ ಏನೂ ಕಾಣಲ್ಲ. ಅಷ್ಟು ಕಾಣಿಸ್ದೇ ಇರೋದನ್ನ ನೋಡಿ ಒಂದು ಮಗು ಇಡೀ ಭಾಷೆ ಕಲೀಬೇಕು ಅಂತ ನಾವು ಕೂತಿದ್ವಿ. ಒಂದು ಹುಡುಗಿ ಒಂದು ವರ್ಷ ಪೂರ್ತಿ ಕಷ್ಟಪಟ್ಟು ಮೂವತ್ತು ನಲವತ್ತು ಪದ ಹೇಳೋದು ಕಲಿತಳು, ಆದ್ರೆ ನಿನ್ನೆ ಏನ್ ಮಾಡ್ದೆ ಅಂತ ಕೇಳಿದ್ರೆ ಉತ್ತರ ಕೊಡೋಕೆ ಅವಳ ಹತ್ರ ಯಾವ ಭಾಷೇನೂ ಇರ್ಲಿಲ್ಲ. ಅವಳ ಮುಖ ಈಗ್ಲೂ ಕಣ್ಮುಂದೆ ಬರುತ್ತೆ.

ಇದು ಎಲ್ಲಿಂದ ಬಂತು ಅಂತ ಆಮೇಲೆ ಓದ್ಕೊಂಡೆ. 1880ರ ಸೆಪ್ಟೆಂಬರ್, ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ. 164 ಪ್ರತಿನಿಧಿಗಳು, ಅದರಲ್ಲಿ ಕಿವುಡರು ಒಬ್ಬರೇ ಒಬ್ಬರು. ಸನ್ನೆ ಬೇಡ, ಬಾಯಿ ಮಾತೇ ಮೇಲು ಅಂತ 160 ಮತ ಆ ಕಡೆ, 4 ಈ ಕಡೆ. ಯಾರ ಭಾಷೆ ಬಗ್ಗೆ ತೀರ್ಮಾನ ಮಾಡಿದ್ರೋ ಅವರನ್ನ ಕೇಳ್ಲೇ ಇಲ್ಲ. ಆಮೇಲೆ ಯುರೋಪಿನ ಉದ್ದಗಲಕ್ಕೂ ಕಿವುಡು ಮೇಷ್ಟ್ರುಗಳ ಕೆಲಸ ಹೋಯ್ತು, ಮಕ್ಕಳು ಕೈ ಎತ್ತಿದ್ರೆ ಏಟು. ಆ ತೀರ್ಮಾನನ ಅದೇ ಸಮ್ಮೇಳನದೋರು ತಳ್ಳಿಹಾಕಿ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. 130 ವರ್ಷ ಆಯ್ತು. ನಿನ್ನೆ ರಾತ್ರಿ ನಿಮ್ಮ ಕೈಲಿ ಮಗುವಿನ ಕೈ ಹಿಡಿಸಿದ್ದು ಆ ಮಿಲಾನೇ ಅಮ್ಮ, ನೀವಲ್ಲ.

ಇಂಪ್ಲಾಂಟ್ ಮಗನ ಅಪ್ಪ:

ನಾನು ಒಪ್ಪಲ್ಲ, ಕ್ಷಮಿಸಿ. ನನ್ನ ಮಗನಿಗೆ ಎರಡು ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಹಾಕೋ ಕೇಳೋ ಮೆಷಿನ್) ಆಯ್ತು, ಈಗ ಎಂಟು ವರ್ಷ, ರೆಗ್ಯುಲರ್ ಶಾಲೆ, ಅರಳು ಹುರಿದ ಹಾಗೆ ಮಾತಾಡ್ತಾನೆ. ನಾವು ಒಂದೇ ಒಂದು ಸನ್ನೆ ಮಾಡ್ಲಿಲ್ಲ, ದಿನಕ್ಕೆ ಮೂರ್ನಾಲ್ಕು ಗಂಟೆ ಕೂತು ಕೇಳ್ಸಿ ಕೇಳ್ಸಿ ಕಲಿಸಿದ್ವಿ, ನನ್ನ ಹೆಂಡತಿ ಕೆಲಸ ಬಿಟ್ಳು. ಮೇಷ್ಟ್ರೇ, ನೀವು ಹೇಳ್ತಿರೋದು ಇಂಪ್ಲಾಂಟ್ ಇಲ್ಲದ ಕಾಲದ ಮಾತು. ಈ ತಾಯಿಗೆ ಈಗ ಒಂದೊಂದು ತಿಂಗಳೂ ಮುಖ್ಯ, ಮೂರು ವರ್ಷದೊಳಗೆ ಕೇಳಿಸ್ದೇ ಹೋದ್ರೆ ಮೆದುಳಿನ ಆ ಭಾಗ ಕೈ ಕೊಡುತ್ತೆ ಅಂತ ಡಾಕ್ಟ್ರುಗಳೇ ಹೇಳ್ತಾರೆ. ಹಳೇ ಇತಿಹಾಸ ಹೇಳ್ಕೊಂಡು ಟೈಮ್ ಹಾಳು ಮಾಡ್ಸಿದ್ರೆ ಆ ಮಗುವಿಗೆ ಯಾರು ಜವಾಬ್ದಾರಿ?

ಪುಟ್ಟಿಯಮ್ಮ:

ಅದೇ ಭಯ ಸರ್ ನನಗೂ. ನಮಗೂ ಇಂಪ್ಲಾಂಟ್ ಬಗ್ಗೆ ಹೇಳಿದಾರೆ, ಟೆಸ್ಟ್‌ಗಳು ನಡೀತಿದೆ. ನಾನೇನಾದ್ರೂ ಈಗ ಸನ್ನೆಗೆ ಒಪ್ಪಿ ಆಮೇಲೆ ಅವಳು ನನ್ನಿಂದಾಗಿ ಮಾತಾಡ್ದೇ ಹೋದ್ರೆ?

ಕಣ್ಣೋಟ:

ನಾನು ಕಿವುಡ. ನನ್ನ ಕನ್ನಡ ಸ್ವಲ್ಪ ಪುಸ್ತಕದ ಹಾಗೆ ಇರುತ್ತದೆ. ಕೇಳಿ ಕಲಿತದ್ದಲ್ಲ, ಓದಿ ಕಲಿತದ್ದು.

ಏಳು ವರ್ಷದವರೆಗೆ ನನಗೆ ಯಾವ ಭಾಷೆಯೂ ಇರಲಿಲ್ಲ. ಇದನ್ನು ಕೇಳುವವರಿಗೆ ಅರ್ಥ ಮಾಡಿಸುವುದು ಕಷ್ಟ. ಅಜ್ಜ ತೀರಿಕೊಂಡರು. ಎಲ್ಲರೂ ಅತ್ತರು. ಅಜ್ಜನ ಮಂಚ ಖಾಲಿ. ಎಲ್ಲಿ ಹೋದರು, ಯಾವಾಗ ಬರುತ್ತಾರೆ ಎಂದು ಕೇಳಲು ನನ್ನ ಬಳಿ ಪದ ಇರಲಿಲ್ಲ. ಪದ ಇಲ್ಲದಾಗ ಪ್ರಶ್ನೆ ಹೊಟ್ಟೆನೋವಿನ ಹಾಗೆ ಒಳಗೇ ಇರುತ್ತದೆ. ಆಮೇಲೆ ಹಾಸ್ಟೆಲ್ ಶಾಲೆಗೆ ಹಾಕಿದರು. ಹಗಲು ಕ್ಲಾಸಿನಲ್ಲಿ ಸನ್ನೆ ಮಾಡುವಂತಿಲ್ಲ. ರಾತ್ರಿ ಕಾರಿಡಾರಿನ ಟ್ಯೂಬ್‌ಲೈಟ್ ಬೆಳಕು ಒಳಗೆ ಬೀಳುವ ಜಾಗದಲ್ಲಿ ದೊಡ್ಡ ಹುಡುಗರು ಗುಂಪಾಗಿ ಕೂತು ಸನ್ನೆಯಲ್ಲಿ ಕಥೆ ಹೇಳುತ್ತಿದ್ದರು. ನನ್ನ ಭಾಷೆ ನನಗೆ ಸಿಕ್ಕಿದ್ದು ಅಲ್ಲಿ. ಒಂದು ರಾತ್ರಿ ಒಬ್ಬ ಅಣ್ಣ 'ಸತ್ತರು' ಎಂಬ ಸನ್ನೆ ತೋರಿಸಿದ. ಅಂದು ನನಗೆ ಅಜ್ಜ ಗೊತ್ತಾದರು. ಎರಡು ವರ್ಷ ತಡವಾಗಿ.

ಇಂಪ್ಲಾಂಟ್ ಬೇಡ ಎಂದು ನಾನು ಹೇಳುವುದಿಲ್ಲ. ಥೆರಪಿ ಬಿಡಿ ಎಂದೂ ಹೇಳುವುದಿಲ್ಲ. ಆಪರೇಷನ್ ಆಗಿ, ಮೆಷಿನ್ ಹೊಂದಿಸಿ, ಶಬ್ದಕ್ಕೆ ಅರ್ಥ ಹುಟ್ಟುವವರೆಗೆ ತಿಂಗಳುಗಟ್ಟಲೆ ಆಗುತ್ತದೆ. ಅಷ್ಟು ದಿನ ಆ ಮಗು ಭಾಷೆ ಇಲ್ಲದೆ ಏಕೆ ಕಾಯಬೇಕು? ಇಷ್ಟೇ ನನ್ನ ಪ್ರಶ್ನೆ.

ಎರಡ್ಮಾತಿನ ಮನೆ:

ಕಣ್ಣೋಟ ಅಣ್ಣ, ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗ್ಲಿಲ್ಲ.

ಇಂಪ್ಲಾಂಟ್ ಸರ್, ನಿಮ್ಮ ಮನೆಯೋರು ಪಟ್ಟ ಕಷ್ಟಕ್ಕೆ ಕೈ ಮುಗೀತೀನಿ. ಆದ್ರೆ ಎಲ್ಲಾ ಮಕ್ಕಳಿಗೂ ನಿಮ್ಮ ಮಗನ ಥರ ಫಲ ಸಿಗಲ್ಲ, ಯಾರಿಗೆ ಎಷ್ಟು ಸಿಗುತ್ತೆ ಅಂತ ಮೊದಲೇ ಹೇಳೋಕೂ ಆಗಲ್ಲ. ಮೂರು ವರ್ಷ ಬಾಯಿ ಮಾತನ್ನೇ ನಂಬ್ಕೊಂಡು ಕೂತು ಆಮೇಲೆ ಅದು ಕೈಗೂಡದೇ ಹೋದ್ರೆ ಕಳೆದ ಆ ಮೂರು ವರ್ಷ ವಾಪಸ್ ಬರಲ್ಲ. ಇನ್ನೊಂದು, ಸನ್ನೆ ಮಾಡಿದ್ರೆ ಇಂಪ್ಲಾಂಟ್ ಕೆಲಸ ಮಾಡಲ್ಲ ಅನ್ನೋದನ್ನ ಪರೀಕ್ಷೆ ಮಾಡಿ ನೋಡಿದಾರೆ. 2014ರಲ್ಲಿ ಅಮೆರಿಕದ ಒಂದು ಅಧ್ಯಯನ, ಚಿಕ್ಕದೇ, ಐದೇ ಮಕ್ಕಳು, ಆದ್ರೆ ಐದೂ ಹುಟ್ಟಿನಿಂದ ಸನ್ನೆ ಭಾಷೆ ಆಡೋ ಕಿವುಡ ತಂದೆತಾಯಿ ಮಕ್ಕಳು, ಇಂಪ್ಲಾಂಟ್ ಹಾಕ್ಸಿದ್ದು. ಅವರ ಇಂಗ್ಲಿಷ್ ಮಾತು, ಕಿವುಡ ತಂದೆತಾಯಿಗೇ ಹುಟ್ಟಿದ ಕಿವಿ ಕೇಳೋ ಮಕ್ಕಳ ಮಟ್ಟಕ್ಕೆ ಬಂದಿತ್ತು. ಮೊದಲೇ ಒಂದು ಭಾಷೆ ತಲೇಲಿ ಕೂತಿದ್ರೆ ಎರಡನೇದಕ್ಕೆ ಅದೇ ಮೆಟ್ಟಿಲು, ಮನೇಲಿ ಒಂದು ಮಾತು ಹೊರಗೊಂದು ಮಾತು ಆಡೋ ಮಕ್ಕಳನ್ನ ನಾವೆಲ್ಲಾ ನೋಡಿಲ್ವಾ.

ಇಂಪ್ಲಾಂಟ್ ಮಗನ ಅಪ್ಪ:

ಐದು ಮಕ್ಕಳಿಂದ ಎಷ್ಟು ಹೇಳೋಕಾಗುತ್ತೆ. ಅವರ ಮನೇಲಿ ಅಪ್ಪ ಅಮ್ಮಂಗೇ ಸನ್ನೆ ಭಾಷೆ ನೀರು ಕುಡಿದಷ್ಟು ಸಲೀಸು, ನಮ್ಮಂಥೋರಿಗೆ ಎಲ್ಲಿಂದ ಬರ್ಬೇಕು? ನಾವೇ ಅರೆಬರೆ ಕಲಿತು ಮಗುವಿಗೆ ಅರೆಬರೆ ಕಲಿಸೋದಾ?

ಕೈಮಾತು:

ಅಪ್ಪ ಅವರ ಪ್ರಶ್ನೆ ನ್ಯಾಯವಾದದ್ದು, ಅದನ್ನ ತಳ್ಳಿಹಾಕೋದು ಬೇಡ. ಕಿವುಡು ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಹುಟ್ಟೋದು ಕಿವಿ ಕೇಳೋ ಅಪ್ಪ ಅಮ್ಮಂಗೇ. ಹಾಗಾಗಿ ಬೇರೆಲ್ಲಾ ಭಾಷೆ ತಾಯಿಯಿಂದ ಮಗುವಿಗೆ ಬಂದ್ರೆ ಈ ಭಾಷೆ ಬಹುಪಾಲು ಒಬ್ಬ ಕಿವುಡ ಮಗುವಿಂದ ಇನ್ನೊಂದು ಮಗುವಿಗೆ, ಹಾಸ್ಟೆಲಿಂದ ಹಾಸ್ಟೆಲಿಗೆ ದಾಟಿ ಬಂದಿದೆ, ಕಣ್ಣೋಟ ಅವರು ಹೇಳಿದ್ದು ಅದೇ. ಅಪ್ಪ ಅಮ್ಮ ಅರೆಬರೆ ಕಲಿತ್ರೂ ಪರವಾಗಿಲ್ಲ, ಮಗು ನಿಮ್ಮನ್ನ ದಾಟಿ ಮುಂದೆ ಹೋಗುತ್ತೆ, ಕಿವುಡರ ಜೊತೆ ಬೆರೆಯೋಕೆ ಬಿಡಬೇಕು ಅಷ್ಟೇ. ನಾನು ಇಂಟರ್‌ಪ್ರಿಟರ್, ಈ ಕೆಲಸದಲ್ಲಿ ಹದಿನಾಲ್ಕು ವರ್ಷ.

ಮಗು ಹೇಗೆ ದಾಟಿ ಹೋಗುತ್ತೆ ಅನ್ನೋದಕ್ಕೆ ನಿಕರಾಗುವಾಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಅಲ್ಲಿ 1970ರ ದಶಕದವರೆಗೆ ಕಿವುಡರ ಸಮುದಾಯ ಅಂತಲೇ ಇರ್ಲಿಲ್ಲ, ಒಬ್ಬೊಬ್ಬರು ಒಂದೊಂದು ಮನೇಲಿ ನಿಮ್ಮ ಪುಟ್ಟಿ ಥರ ಮನೆ ಮಟ್ಟಿಗೆ ಸನ್ನೆ ಮಾಡ್ಕೊಂಡಿದ್ರು. 1977ರಲ್ಲಿ ಮನಾಗುವಾದಲ್ಲಿ ಒಂದು ಶಾಲೆ, 1980ರಲ್ಲಿ ದೊಡ್ಡ ಮಕ್ಕಳಿಗೆ ಕಸುಬಿನ ಶಾಲೆ ಬಂತು, ಕೆಲವೇ ವರ್ಷದಲ್ಲಿ 400 ಮಕ್ಕಳು ಸೇರಿದ್ರು. ಟೀಚರ್‌ಗಳು ತುಟಿ ಓದೋದು, ಸ್ಪ್ಯಾನಿಷ್ ಕಲಿಸೋದು ಮಾಡ್ತಿದ್ರು, ಅದು ಅಷ್ಟಾಗಿ ತಲೆಗೆ ಹತ್ಲಿಲ್ಲ. ಆದ್ರೆ ಆಟದ ಮೈದಾನದಲ್ಲಿ, ಶಾಲೆ ಬಸ್ಸಿನಲ್ಲಿ ಆ ಮಕ್ಕಳು ತಂತಮ್ಮ ಮನೆ ಸನ್ನೆಗಳನ್ನ ಒಂದಕ್ಕೊಂದು ಕೂಡಿಸಿದ್ರು. ಆಮೇಲೆ ಬಂದ ನಾಲ್ಕೈದು ವರ್ಷದ ಮಕ್ಕಳು ದೊಡ್ಡೋರ ಆ ಒರಟು ಸನ್ನೆ ನೋಡಿ ಕಲಿತು, ವ್ಯಾಕರಣ ಇರೋ ಪೂರ್ತಿ ಭಾಷೆ ಮಾಡಿ ವಾಪಸ್ ಕೊಟ್ರು. 1986ರಲ್ಲಿ ಜೂಡಿ ಕೆಗಲ್ ಅನ್ನೋ ಭಾಷಾವಿಜ್ಞಾನಿ ಹೋಗಿ ನೋಡಿದಾಗ ದೊಡ್ಡ ಮಕ್ಕಳಿಗಿಂತ ಚಿಕ್ಕವರ ಕೈ ಹೆಚ್ಚು ಪಳಗಿತ್ತು. ಯಾವ ಗುರುನೂ ಇಲ್ಲ, ಯಾವ ಪುಸ್ತಕನೂ ಇಲ್ಲ. ಅರೆಬರೆ ಕೊಟ್ರೂ ಮಕ್ಕಳು ಪೂರ್ತಿ ಮಾಡ್ಕೊಳ್ತಾರೆ ಸರ್, ಏನೂ ಕೊಡದೇ ಇರೋದೇ ಅಪಾಯ.

ಸುಮ್ನೆ ಕೇಳ್ತೀನಿ:

ತಪ್ಪು ತಿಳ್ಕೋಬೇಡಿ, ಗೊತ್ತಿಲ್ಲದೇ ಕೇಳ್ತಿದೀನಿ. ಸನ್ನೆ ಭಾಷೆ ಅಂದ್ರೆ ಕನ್ನಡನೇ ಕೈಯಲ್ಲಿ ಮಾಡೋದಲ್ವಾ? ಪ್ರಪಂಚದಲ್ಲೆಲ್ಲಾ ಒಂದೇ ಇರುತ್ತಲ್ಲ, ಕೈ ತಾನೆ?

ಕೈಮಾತು:

ಎರಡೂ ಅಲ್ಲ, ಕೇಳಿದ್ದು ಒಳ್ಳೇದಾಯ್ತು. 300ಕ್ಕಿಂತ ಹೆಚ್ಚು ಸನ್ನೆ ಭಾಷೆಗಳಿವೆ ಅಂತ ಕಿವುಡರ ವಿಶ್ವ ಒಕ್ಕೂಟ ಹೇಳುತ್ತೆ. ಇಂಗ್ಲೆಂಡಿನೋರು ಅಮೆರಿಕದೋರು ಇಬ್ರೂ ಇಂಗ್ಲಿಷ್ ಆಡ್ತಾರೆ, ಆದ್ರೆ ಒಂದು ದೇಶದ ಕಿವುಡರ ಭಾಷೆ ಇನ್ನೊಂದು ದೇಶದ ಕಿವುಡರಿಗೆ ಅರ್ಥ ಆಗಲ್ಲ. ಅಮೆರಿಕದ್ದು ಫ್ರಾನ್ಸಿನ ಸನ್ನೆ ಭಾಷೆಗೆ ಹತ್ತಿರ, ಅಕ್ಷರಮಾಲೆ ಒಂದೇ ಕೈದು. ಬ್ರಿಟಿಷರದ್ದು ಎರಡು ಕೈದು, ನಮ್ಮ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೈನ್ ಲ್ಯಾಂಗ್ವೇಜ್‌ನಲ್ಲಿ ಇಂಗ್ಲಿಷ್ ಅಕ್ಷರ ತೋರ್ಸೋದೂ ಎರಡು ಕೈಲೇ.

ವ್ಯಾಕರಣದ ಒಂದು ರುಚಿ ತೋರಿಸ್ತೀನಿ. ಐಎಸ್‌ಎಲ್‌ನಲ್ಲಿ ಪ್ರಶ್ನೆ ಪದ ವಾಕ್ಯದ ಕೊನೇಲಿ ಬರುತ್ತೆ, ಕನ್ನಡದಲ್ಲಿ ಯಾರು ಬಂದ್ರು ಅಂತೀವಿ, ಸನ್ನೆಯಲ್ಲಿ 'ಬಂದ, ಯಾರು'. ಅದೂ ಅಲ್ಲದೇ ಮೂಲ ಪ್ರಶ್ನೆ ಸನ್ನೆ ಒಂದೇ, ಅದಕ್ಕೆ ಮುಖದ ಸನ್ನೆ ಸೇರಿದ್ರೆ ಯಾರು, ಜಾಗ ಸೇರಿದ್ರೆ ಎಲ್ಲಿ, ಹೊತ್ತು ಸೇರಿದ್ರೆ ಯಾವಾಗ. ಎಷ್ಟು ಅಚ್ಚುಕಟ್ಟು ನೋಡಿ. ಆಮೇಲೆ ಎದುರಿನ ಜಾಗನೇ ವ್ಯಾಕರಣ, ಅಕ್ಕನ್ನ ಬಲಗಡೆ ಒಂದು ಸಲ 'ಇಟ್ರೆ' ಮುಗೀತು, ಆಮೇಲೆ ಆ ಕಡೆ ಬೆರಳು ತೋರ್ಸಿದ್ರೆ ಅವಳೇ. ಹುಬ್ಬು, ಕಣ್ಣು, ತಲೆ ಎಲ್ಲಾ ಮಾತಾಡ್ತವೆ. ನಿಮ್ಮ ದನಿ ಏರಿಳಿತ ಇದ್ದ ಹಾಗೆ ಅದು.

ಇದು ಭಾಷೆನೇ ಅಂತ ವಿದ್ವಾಂಸರು ಒಪ್ಪೋಕೆ ಶುರು ಮಾಡಿದ್ದು 1960ರಿಂದ ಈಚೆಗೆ. ಅಮೆರಿಕದ ಗ್ಯಾಲೊಡೆಟ್ ಅನ್ನೋ ಕಿವುಡರ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡೋಕೆ ಬಂದಿದ್ದ ವಿಲಿಯಂ ಸ್ಟೋಕಿ, ಒಂದೊಂದು ಸನ್ನೆನೂ ಬಿಡಿಸಿ ನೋಡಿ, ಕೈ ಆಕಾರ, ಮಾಡೋ ಜಾಗ, ಚಲನೆ ಇವು ಅಕ್ಷರಗಳ ಥರ ಕೂಡ್ಕೊಂಡು ಪದ ಆಗ್ತವೆ ಅಂತ ತೋರ್ಸಿದ. ಮೊದಲು ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. 1965ರ ನಿಘಂಟನ್ನ ಅವನ ಜೊತೆ ಸೇರಿ ಮಾಡಿದ ಡೊರೊಥಿ ಕ್ಯಾಸ್ಟರ್‌ಲೈನ್, ಕಾರ್ಲ್ ಕ್ರೊನೆಬರ್ಗ್ ಇಬ್ರೂ ಕಿವುಡರು, ಅವರ ಹೆಸರು ಯಾಕೋ ಯಾರೂ ಹೇಳಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಕಣ್ಣೋಟ:

ಅವರಿಗೂ ಮೊದಲು ಒಬ್ಬ ಕಿವುಡ ಹೇಳಿದ್ದ. ಪಿಯರ್ ಡೆಲೋಜ್. ಪ್ಯಾರಿಸ್‌ನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಏಳನೇ ವಯಸ್ಸಿನಲ್ಲಿ ಸಿಡುಬು ಬಂದು ಕಿವಿ ಹೋಯಿತು. 1779ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಕಿವುಡನೊಬ್ಬ ಬರೆದು ಅಚ್ಚಾದ ಪುಸ್ತಕಗಳಲ್ಲಿ ನಮಗೆ ತಿಳಿದ ಮೊದಲನೆಯದು ಅದು. ನಾವು ಕೂಲಿ ಕೆಲಸದ ಕಿವುಡರು ಯಾರೂ ಕಲಿಸದೆ ನಮ್ಮೊಳಗೇ ಸನ್ನೆಯಲ್ಲಿ ಎಲ್ಲ ವಿಷಯ ಮಾತಾಡುತ್ತೇವೆ ಎಂದು ಅದರಲ್ಲಿ ವಾದಿಸಿದ. ಆ ಊರಿನಲ್ಲಿ ಪಾದ್ರಿ ಡಿ ಲೆಪೆ ಆಗಲೇ ಬಡ ಕಿವುಡು ಮಕ್ಕಳಿಗೆ ಉಚಿತ ಶಾಲೆ ನಡೆಸುತ್ತಿದ್ದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಸನ್ನೆ ಭಾಷೆಯನ್ನು ಅವರು ಕಂಡುಹಿಡಿದರು ಎಂದು ಬರೆಯುತ್ತಾರೆ, ಅದು ತಪ್ಪು. ಅವರು ಕಿವುಡರ ಕೈ ನೋಡಿ ಕಲಿತರು. ಅದೇ ಅವರ ದೊಡ್ಡತನ.

ಹಳೇ ಮೇಷ್ಟ್ರು:

ಬಹಳ ಸರಿಯಾದ ಮಾತು. ಆ ಪ್ಯಾರಿಸ್ ಶಾಲೇಲೇ ಓದಿ ಅಲ್ಲೇ ಮೇಷ್ಟ್ರಾದ ಲೊರಾಂ ಕ್ಲೇರ್ ಬಗ್ಗೆ ಹೇಳ್ಲೇಬೇಕು. 1816ರಲ್ಲಿ ಅಮೆರಿಕದಿಂದ ಗ್ಯಾಲೊಡೆಟ್ ಅನ್ನೋ ಯುವ ಪಾದ್ರಿ (ಆ ಕಾಲೇಜಿಗೆ ಇವನದೇ ಹೆಸರು), ಪಕ್ಕದ ಮನೆಯ ಕಿವುಡು ಹುಡುಗಿಗೆ ಪಾಠ ಕಲಿಸೋದು ಹೇಗೆ ಅಂತ ಹುಡುಕ್ಕೊಂಡು ಬಂದಿದ್ದ. ಕ್ಲೇರ್ ಅವನ ಜೊತೆ ಹಡಗು ಹತ್ತಿದ. 52 ದಿನದ ಪ್ರಯಾಣ. ದಾರಿಯುದ್ದಕ್ಕೂ ಇವನು ಅವನಿಗೆ ಸನ್ನೆ ಕಲಿಸಿದ, ಅವನು ಇವನಿಗೆ ಇಂಗ್ಲಿಷ್ ಕಲಿಸಿದ. 1817ರ ಏಪ್ರಿಲ್ 15ಕ್ಕೆ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ಶುರು. ಅಮೆರಿಕದ ಸನ್ನೆ ಭಾಷೆ ಫ್ರಾನ್ಸಿನದಕ್ಕೆ ಹತ್ತಿರ ಇರೋದು ಈ ಕ್ಲೇರ್‌ನಿಂದ. ಒಬ್ಬ ಕಿವುಡ ಮೇಷ್ಟ್ರು ಒಂದು ಖಂಡಕ್ಕೆ ಭಾಷೆ ತಗೊಂಡು ಹೋದ, 1880ರಲ್ಲಿ ಅಂಥ ಮೇಷ್ಟ್ರುಗಳನ್ನೇ ಹೊರಗೆ ಹಾಕಿದ್ರು, ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಕಣ್ಣೋಟ:

ಕ್ಲೇರ್ ಕೂಸಾಗಿದ್ದಾಗ ಬೆಂಕಿಗೆ ಬಿದ್ದು ಕೆನ್ನೆಯ ಮೇಲೆ ಕಲೆ ಉಳಿದಿತ್ತು. ಅವನ ಸನ್ನೆ ಹೆಸರು ಅದೇ. ಎರಡು ಬೆರಳು ಕೆನ್ನೆಯ ಮೇಲೆ ಸವರುವುದು. ಇವತ್ತಿಗೂ ಕಿವುಡರು ಅವನನ್ನು ಹಾಗೇ ಕರೆಯುತ್ತಾರೆ. ಕಿವುಡರ ಜಗತ್ತಿನಲ್ಲಿ ಪ್ರತಿಯೊಬ್ಬರಿಗೂ ಸನ್ನೆ ಹೆಸರು ಇರುತ್ತದೆ, ಅದನ್ನು ಕಿವುಡರೇ ಕೊಡಬೇಕು. ನನ್ನದು ಹುಬ್ಬಿನ ಮೇಲೆ ಒಂದು ಬೆರಳು. ನನಗೆ ಹುಬ್ಬು ಕೂಡಿಕೊಂಡಿದೆ.

ಎರಡ್ಮಾತಿನ ಮನೆ:

ಸುಮ್ನೆ ಕೇಳ್ತೀನಿ ಅವರಿಗೆ ಇನ್ನೊಂದು ವಿಷಯ. ಊರಿಗೆ ಊರೇ ಸನ್ನೆ ಮಾಡಿದ ಜಾಗಗಳಿವೆ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಚಿಲ್‌ಮಾರ್ಕ್ ಅನ್ನೋ ಊರು, 19ನೇ ಶತಮಾನದಲ್ಲಿ ಅಲ್ಲಿ 25 ಜನಕ್ಕೆ ಒಬ್ರು ಕಿವುಡರು, ಅನುವಂಶೀಯವಾಗಿ ಬಂದಿದ್ದು. ಹಾಗಾಗಿ ಕಿವಿ ಕೇಳೋರೂ ಚಿಕ್ಕಂದಿನಿಂದ ಸನ್ನೆ ಕಲೀತಿದ್ರು. ಕಡಲ ಮೇಲೆ ದೋಣಿಯಿಂದ ದೋಣಿಗೆ ಕೂಗಿದ್ರೆ ಗಾಳಿಗೆ ಕೇಳ್ತಿರ್ಲಿಲ್ಲ, ಕೈ ಎತ್ತಿ ಮಾತಾಡ್ತಿದ್ರು. ಆಮೇಲೆ ಸಂಶೋಧಕರು ಹೋಗಿ ಮುದುಕರನ್ನ ಕೇಳಿದಾಗ ಅವರು ಇಂಥೋರು ಒಳ್ಳೇ ಮೀನುಗಾರ ಅಂತ ನೆನಪು ಮಾಡ್ಕೊಳ್ತಿದ್ರೇ ಹೊರತು ಕಿವುಡ ಅನ್ನೋದು ಮೊದಲು ಬಾಯಿಗೆ ಬರ್ತಿರ್ಲಿಲ್ಲ. ಆ ಪರಂಪರೆಯ ಕೊನೇ ಕಿವುಡರು 1952ರಲ್ಲಿ ತೀರಿಕೊಂಡ್ರು.

ಅಷ್ಟು ದೂರ ಯಾಕೆ, ಕರ್ನಾಟಕದಲ್ಲೇ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಅದೇ ಥರ ಊರಿನದೇ ಸನ್ನೆ ಭಾಷೆ ಇದೆ, ಅಲೀಪುರ ಸನ್ನೆ ಭಾಷೆ ಅಂತ ಭಾಷಾವಿಜ್ಞಾನಿಗಳು ಅಧ್ಯಯನ ಮಾಡಿದಾರೆ. ಇದು ನಮ್ಮ ಶಾಲೆ ಪುಸ್ತಕದಲ್ಲಿ ಒಂದು ಸಾಲಾದ್ರೂ ಇರ್ಬೇಕಿತ್ತು.

ಸುಮ್ನೆ ಕೇಳ್ತೀನಿ:

ಅಲೀಪುರದ್ದು ನಿಜವಾಗ್ಲೂ ಗೊತ್ತೇ ಇರ್ಲಿಲ್ಲ! ಥ್ಯಾಂಕ್ಸ್.

ಪುಟ್ಟಿಯಮ್ಮ:

ಎಲ್ರೂ ಇಷ್ಟು ಬರ್ದಿದೀರಾ, ಮೂರು ಸಲ ಓದ್ದೆ. ಇವತ್ತು ಬೆಳಿಗ್ಗೆ ಅವಳು ಮುಷ್ಟಿ ಎತ್ತಿದ್ಲು, ಎತ್ತಿ ನನ್ನ ಕೈ ಕಡೆ ನೋಡಿದ್ಲು, ಹಿಡ್ಕೊಳ್ತೀನಾ ಅಂತ. ನಾನೂ ಮುಷ್ಟಿ ಎತ್ತಿ ಬಿಚ್ಚಿದೆ. ಲೈಟ್ ಹಾಕ್ದೆ. ಆಮೇಲೆ ಹತ್ತು ಸಲ ಹಾಕಿಸಿದ್ಲು.

ಮನೇಲಿ ದೊಡ್ಡೋರು ಕೇಳೋದು ಬೇರೆ ಥರ, ಸನ್ನೆ ಮಾಡ್ಕೊಂಡು ಮುಂದೆ ಏನಾಗ್ತಾಳೆ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ನಕ್ಷತ್ರ ಎಣಿಸೋನು:

ಈ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ನನಗೆ ಸನ್ನೆ ಭಾಷೆ ಬರಲ್ಲ, ಆಕಾಶ ಗೊತ್ತು. ಜಾನ್ ಗುಡ್‌ರಿಕ್ ಅಂತ ಹುಡುಗ, ಕೂಸಿದ್ದಾಗಲೇ ಕಿವಿ ಹೋಯ್ತು, ಕಿವುಡು ಮಕ್ಕಳ ಶಾಲೇಲಿ ಓದಿದ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕಿಟಕಿಯಿಂದ ರಾತ್ರಿಯೆಲ್ಲಾ ಅಲ್ಗಾಲ್ ನಕ್ಷತ್ರ ನೋಡ್ತಿದ್ದ. ಅದು ಸುಮಾರು 2 ದಿನ 21 ಗಂಟೆಗೊಮ್ಮೆ ಮಂಕಾಗುತ್ತೆ ಅಂತ ಲೆಕ್ಕ ಹಾಕಿ, ಅದರ ಮುಂದೆ ಬೇರೊಂದು ಕಾಯ ಹಾದುಹೋಗ್ತಿರ್ಬಹುದು ಅಂದ. 1783ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಬಂತು, ಆಗ ವಯಸ್ಸು 19. ಮುಂದಿನ ವರ್ಷ ಡೆಲ್ಟಾ ಸೆಫಿ ಅನ್ನೋ ನಕ್ಷತ್ರದ ಬೆಳಕು ಏರಿಳಿಯೋದನ್ನ ಕಂಡುಹಿಡಿದ. 21ಕ್ಕೇ ತೀರಿಕೊಂಡ.

ಇಲ್ಲಿಗೆ ಮುಗೀಲಿಲ್ಲ. ಆ ಜಾತಿ ನಕ್ಷತ್ರಗಳಿಗೇ ಸೆಫೀಡ್ ಅಂತ ಹೆಸರು. ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ ಹಾರ್ವರ್ಡ್‌ನಲ್ಲಿ ಹೆನ್ರಿಯೆಟ್ಟಾ ಲೆವಿಟ್, ಅವರಿಗೂ ಕಿವಿ ಹೋಗಿತ್ತು, ಗಾಜಿನ ಫೋಟೋ ಪ್ಲೇಟ್ ಮೇಲೆ ಸಾವಿರಾರು ಚುಕ್ಕೆ ನೋಡಿ, ಸೆಫೀಡ್ ನಿಧಾನಕ್ಕೆ ಮಿಡಿದಷ್ಟೂ ಅದರ ನಿಜವಾದ ಬೆಳಕು ಜಾಸ್ತಿ ಅನ್ನೋ ನಿಯಮ 1912ರಲ್ಲಿ ಕೊಟ್ರು. ಅದೇ ಅಳತೆಗೋಲು ಹಿಡಿದು ಹಬಲ್ ಅನ್ನೋ ಖಗೋಳ ವಿಜ್ಞಾನಿ ನಮ್ಮ ಗೆಲಾಕ್ಸಿ ಆಚೆಗೂ ಗೆಲಾಕ್ಸಿ ಇವೆ ಅಂತ ತೋರ್ಸಿದ್ದು. ವಿಶ್ವ ಎಷ್ಟು ದೊಡ್ಡದು ಅಂತ ನಮಗೆ ಗೊತ್ತಾಗಿದ್ದರ ಹಿಂದೆ ಇಬ್ಬರು ಕಿವುಡರ ಕಣ್ಣಿದೆ ಮೇಡಂ. ನಿಮ್ಮ ಮಗಳೂ ಚಂದ್ರನ್ನ ತೋರ್ಸಿದ್ಲು ಅಂದ್ರಲ್ಲ, ಅದಕ್ಕೇ ಬರೆಯೋಣ ಅನ್ನಿಸ್ತು.

ಬಾಹ್ಯಾಕಾಶಕ್ಕೂ ಸಂಬಂಧ ಇದೆ. 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆ ಮತ್ತು ನಾಸಾ, ಗ್ಯಾಲೊಡೆಟ್‌ನಿಂದ 11 ಕಿವುಡ ಗಂಡಸರನ್ನ ಪರೀಕ್ಷೆಗೆ ಕರ್ಕೊಂಡ್ರು. ಹೆಚ್ಚಿನೋರಿಗೆ ಮೆನಿಂಜೈಟಿಸ್‌ನಿಂದ ಒಳಗಿವಿ ಹಾಳಾಗಿತ್ತು, ಹಾಗಾಗಿ ಎಷ್ಟು ತಿರುಗಿಸಿದ್ರೂ ತಲೆಸುತ್ತು ವಾಂತಿ ಬರ್ತಿರ್ಲಿಲ್ಲ. ಒಂದು ಸಲ ಬಿರುಗಾಳಿ ಕಡಲಲ್ಲಿ ಹಡಗಿನ ಮೇಲೆ ಪರೀಕ್ಷೆ ಇಟ್ರೆ, ಇವರು ಆರಾಮಾಗಿ ಇಸ್ಪೀಟು ಆಡ್ತಿದ್ರು, ಪರೀಕ್ಷೆ ಮಾಡೋಕೆ ಬಂದ ವಿಜ್ಞಾನಿಗಳೇ ವಾಂತಿ ಮಾಡ್ಕೊಂಡು ಪರೀಕ್ಷೆ ನಿಲ್ಲಿಸ್ಬೇಕಾಯ್ತು.

ಕೈಮಾತು:

ಹತ್ತಿರದ್ದೂ ಹೇಳ್ಬಿಡ್ತೀನಿ. ಬೆಂಗಳೂರಿನ ವಕೀಲೆ ಸಾರಾ ಸನ್ನಿ, 2023ರ ಸೆಪ್ಟೆಂಬರ್‌ನಲ್ಲಿ ಇಂಟರ್‌ಪ್ರಿಟರ್ ಮೂಲಕ ಸುಪ್ರೀಂ ಕೋರ್ಟಿನಲ್ಲಿ ವಾದಕ್ಕೆ ಹಾಜರಾದ್ರು, ಕಿವುಡ ವಕೀಲರೊಬ್ರು ಅಲ್ಲಿ ಹಾಗೆ ಹಾಜರಾಗಿದ್ದು ಅದೇ ಮೊದಲು. ಆ ಸುದ್ದಿ ಬಂದ ದಿನ ನಮ್ಮ ಇಂಟರ್‌ಪ್ರಿಟರ್ ಗ್ರೂಪಲ್ಲಿ ಎಲ್ರೂ ಅತ್ತಿದ್ವಿ. ಕುಸ್ತಿಪಟು ವೀರೇಂದರ್ ಸಿಂಗ್ 2005, 2013, 2017ರ ಡೆಫ್ಲಿಂಪಿಕ್ಸ್‌ಗಳಲ್ಲಿ (ಕಿವುಡರ ಒಲಿಂಪಿಕ್ಸ್) ಚಿನ್ನ ಗೆದ್ದು ಪದ್ಮಶ್ರೀ ತಗೊಂಡಿದಾರೆ. ಡೆಫ್ಲಿಂಪಿಕ್ಸ್ ಶುರುವಾಗಿದ್ದು 1924ರಲ್ಲಿ ಪ್ಯಾರಿಸ್‌ನಲ್ಲಿ, ಪ್ಯಾರಾಲಿಂಪಿಕ್ಸ್‌ಗಿಂತ 36 ವರ್ಷ ಮೊದಲು. ಅಲ್ಲಿ ಓಟಕ್ಕೆ ಗುಂಡಿನ ಸದ್ದಿಲ್ಲ, ಲೈಟ್ ಹತ್ತಿದ್ರೆ ಓಡೋದು.

ಕಣ್ಣೋಟ:

1988 ಅನ್ನು ಬಿಡಬೇಡಿ. ಗ್ಯಾಲೊಡೆಟ್ ಕಿವುಡರ ವಿಶ್ವವಿದ್ಯಾಲಯ. ಪದವಿ ಕೊಡುವ ಅಧಿಕಾರ ಕೊಟ್ಟ ಕಾಯ್ದೆಗೆ ಲಿಂಕನ್ ಸಹಿ ಹಾಕಿದ್ದು 1864ರಲ್ಲಿ. 124 ವರ್ಷ ಒಬ್ಬ ಕಿವುಡನೂ ಅದರ ಅಧ್ಯಕ್ಷ ಆಗಿರಲಿಲ್ಲ. ಆ ಮಾರ್ಚ್‌ನಲ್ಲಿ ಕೊನೆಯ ಸುತ್ತಿನ ಮೂವರಲ್ಲಿ ಇಬ್ಬರು ಕಿವುಡರು. ಮಂಡಳಿ ಮೂರನೆಯವರನ್ನು ಆರಿಸಿತು. ಕಿವಿ ಕೇಳುವವರು, ಸನ್ನೆ ಬಾರದವರು. ವಿದ್ಯಾರ್ಥಿಗಳು ಗೇಟುಗಳನ್ನು ಮುಚ್ಚಿದರು. ಎಂಟನೇ ದಿನಕ್ಕೆ ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ನನ್ನ ಹಾಸ್ಟೆಲಿನ ಅಣ್ಣಂದಿರು ಆ ಗೇಟಿನ ಫೋಟೊ ಪೇಪರಿನಿಂದ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದರು. ನಾವು ಚಿಕ್ಕವರು ಸಾಲಾಗಿ ನಿಂತು ನೋಡುತ್ತಿದ್ದೆವು.

ಇಂಪ್ಲಾಂಟ್ ಮಗನ ಅಪ್ಪ:

ಎರಡು ದಿನ ಏನೂ ಬರೀಲಿಲ್ಲ, ಓದ್ತಾ ಇದ್ದೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ ಅಂತ ಹೇಳಲ್ಲ, ಥೆರಪಿ ಸಡಿಲ ಆಗ್ಬಾರ್ದು ಅನ್ನೋದನ್ನ ಈಗ್ಲೂ ಹೇಳ್ತೀನಿ. ಆದ್ರೆ ಒಂದು ವಿಷಯ. ಮಗನಿಗೆ ಸ್ನಾನ ಮಾಡ್ಸುವಾಗ, ಮಲಗೋವಾಗ ಮೆಷಿನ್ ತೆಗೀತೀವಿ. ಆಗ ಅವನಿಗೆ ಏನೂ ಕೇಳ್ಸಲ್ಲ. ಆರು ವರ್ಷದಿಂದ ಆ ಹೊತ್ತಲ್ಲಿ ನಾವು ಅವನ ಜೊತೆ ಮಾತೇ ಆಡಿಲ್ಲ ಅನ್ನೋದು ಮೊನ್ನೆ ರಾತ್ರಿ ಹೊಳೀತು. ಒಂದು ಸಲ ಕತ್ತಲಲ್ಲಿ ಕೆಟ್ಟ ಕನಸು ಬಿದ್ದು ಎದ್ದ, ಮೆಷಿನ್ ಹುಡುಕಿ ಹಾಕೋವರೆಗೂ ಏನಾಯ್ತು ಅಂತ ಕೇಳೋಕೂ ನನಗೆ ದಾರಿ ಇರ್ಲಿಲ್ಲ. ಕೈಮಾತು ಮೇಡಂ, ನಮ್ಮಂಥೋರು ಎಲ್ಲಿಂದ ಶುರು ಮಾಡ್ಬೇಕು?

ಕೈಮಾತು:

ಸರ್, ದೆಹಲಿಯಲ್ಲಿ ಐಎಸ್‌ಎಲ್‌ಆರ್‌ಟಿಸಿ ಅಂತ ಸರ್ಕಾರದ ಸನ್ನೆ ಭಾಷೆ ಸಂಶೋಧನೆ ತರಬೇತಿ ಕೇಂದ್ರ ಇದೆ, 2015ರಲ್ಲಿ ಶುರುವಾಗಿದ್ದು. ಅವರ ನಿಘಂಟಿನಲ್ಲಿ 2021ಕ್ಕೇ 10,000 ಪದ ಆಗಿತ್ತು, ಪ್ರತಿ ಪದಕ್ಕೂ ವಿಡಿಯೋ, ನೆಟ್‌ನಲ್ಲಿ ಫ್ರೀ. ಆದ್ರೆ ನಿಘಂಟು ನೋಡಿ ಭಾಷೆ ಬರಲ್ಲ, ಕಿವುಡರೊಬ್ಬರ ಎದುರು ಕೂತು ಕಲೀಬೇಕು. ಮೊದಲ ವಾರಕ್ಕೆ ಹತ್ತೇ ಪದ ಸಾಕು, ಹಾಲು, ನೀರು, ಇನ್ನೂ ಬೇಕು, ಸಾಕು, ನೋವು, ಭಯ, ಎಲ್ಲಿ, ಅಮ್ಮ, ಅಪ್ಪ, ಬಾ. ಮಗನಿಗೆ ಭಯದಿಂದ ಶುರು ಮಾಡಿ ಸರ್.

ಪುಟ್ಟಿಯಮ್ಮ:

ಕಣ್ಣೋಟ ಅಣ್ಣ, ನಿಮ್ಮನ್ನ ಒಂದು ಕೇಳ್ಲಾ. ಸನ್ನೆ ಹೆಸರು ಕಿವುಡರೇ ಕೊಡ್ಬೇಕು ಅಂದ್ರಲ್ಲ. ನನ್ನ ಮಗಳಿಗೆ ಒಂದು ಕೊಡ್ತೀರಾ? ನಾವು ಅವಳ ಹೆಸರನ್ನ ದಿನಕ್ಕೆ ನೂರು ಸಲ ಕೂಗ್ತೀವಿ, ಅವಳಿಗೆ ತನಗೊಂದು ಹೆಸರಿದೆ ಅಂತಲೇ ಇನ್ನೂ ಗೊತ್ತಿಲ್ಲ.

ಕಣ್ಣೋಟ:

ನೋಡದೆ ಕೊಡಲಾಗುವುದಿಲ್ಲ ತಂಗಿ. ಅವಳು ಹೇಗೆ ನಗುತ್ತಾಳೆ, ಹೇಗೆ ಸಿಟ್ಟಾಗುತ್ತಾಳೆ, ಕೈ ಹೇಗೆ ಆಡಿಸುತ್ತಾಳೆ ನೋಡಬೇಕು. ಒಮ್ಮೆ ಕೊಟ್ಟರೆ ಅದು ಜೀವನಪೂರ್ತಿ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಿ, ನನ್ನ ಹೆಂಡತಿಯೂ ಇರುತ್ತಾಳೆ, ಅವಳೂ ಕಿವುಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು. ಬೆಳಕು ಮುಂದಿನಿಂದ ಬರಲಿ, ಇಲ್ಲದಿದ್ದರೆ ಕೈ ಕಪ್ಪಾಗಿ ಕಾಣುತ್ತದೆ. ಹೂವಿನ ಚಿತ್ರ ಇರುವ ಬಟ್ಟೆ ಬೇಡ, ಒಂದೇ ಬಣ್ಣದ್ದು ಹಾಕಿಕೊಳ್ಳಿ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅವಳು ಪರದೆಗೆ ಮುಖ ಮಾಡಿರಲಿ, ಕೈ ಎರಡೂ ಖಾಲಿ ಇರಲಿ.

ಪುಟ್ಟಿಯಮ್ಮ:

ಸರಿ ಅಣ್ಣ. ಹನ್ನೊಂದಕ್ಕೆ. ಮಂಚ ಈ ಕಡೆ ಎಳೆದು ಕಿಟಕಿಗೆ ಎದುರಾಗಿ ಹಾಕ್ಕೊಂಡಿರ್ತೀನಿ.